ಗುರುವಾರದ ಸೊನ್ನೆ

ನಮ್ಮೂರಿನಲ್ಲಿ ಹುಟ್ಟಿದ ವಾರ ಯಾರೂ ಕಣ್ಣಿಗೆ ಕಾಣುವುದಿಲ್ಲ. ಸೋಮವಾರ ಹುಟ್ಟಿದವರು ಪ್ರತಿ ಸೋಮವಾರ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಮಾಯ, ಮಂಗಳವಾರ ಹುಟ್ಟಿದವರು ಮಂಗಳವಾರ ಮಾಯ. ಮೈಮೇಲಿನ ಬಟ್ಟೆ, ಕೈಯಲ್ಲಿ ಹಿಡಿದ ಚೀಲ ಎಲ್ಲವೂ ಅವರ ಜೊತೆಗೇ ಹೋಗುತ್ತದೆ. ಕೆಳಗಿಟ್ಟ ತಕ್ಷಣ ಮತ್ತೆ ಕಾಣುತ್ತದೆ. ಪರವೂರಿನಿಂದ ಬಂದ ನೆಂಟರು ಮೊದಲ ದಿನ ಹೌಹಾರುತ್ತಾರೆ, ಎರಡನೆಯ ದಿನ ಕಾಫಿ ಸ್ಟ್ರಾಂಗಿಲ್ಲ ಎಂದು ಗೊಣಗುತ್ತಾರೆ. ನಾವಂತೂ ಪೂರ್ತಿ ಒಗ್ಗಿಹೋಗಿದ್ದೇವೆ. ನಮ್ಮ ಪುರಸಭೆಯ ಅಧ್ಯಕ್ಷರು ಸೋಮವಾರದವರು, ಸಭೆಗಳನ್ನೂ ಸೋಮವಾರವೇ ಕರೆಯುತ್ತಾರೆ. ಗುಮಾಸ್ತ ಖಾಲಿ ಕುರ್ಚಿಯ ಮುಂದೆ ಹಾರ ಹಿಡಿದು ನಿಲ್ಲುತ್ತಾನೆ. ಹಾರ ಮಾಯವಾದರೆ ಅಧ್ಯಕ್ಷರು ದಯಮಾಡಿಸಿದ್ದಾರೆ ಎಂದರ್ಥ. ಮಾಯವಾಗದಿದ್ದರೆ ಅದನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ ಸಭೆ ಮುಂದುವರಿಸುತ್ತಾನೆ. ಊರಿನ ಆಡಳಿತದಲ್ಲಿ ಇದರಿಂದ ಇದುವರೆಗೆ ಯಾವ ವ್ಯತ್ಯಾಸವೂ ಆಗಿಲ್ಲ.

ಇದಕ್ಕೊಂದು ಕಟ್ಟಳೆ ಇದೆ. ವಾರದವರನ್ನು, ಎಂದರೆ ಆ ದಿನ ಮಾಯವಾಗಿರುವವರನ್ನು, ಮಾತಾಡಿಸಬಾರದು. ‘ಇದ್ದೀರಾ?’ ಎಂದು ಕೂಗಬಾರದು, ಮಾರನೆಯ ದಿನ ‘ನಿನ್ನೆ ಎಲ್ಲಿದ್ದಿರಿ?’ ಎಂದು ಕೇಳಬಾರದು. ಅವರೂ ತುಟಿ ಬಿಚ್ಚುವುದಿಲ್ಲ. ಊಟ ಮುಚ್ಚಿಟ್ಟು ನಾವು ನಮ್ಮ ಪಾಡಿಗೆ ಹೋಗಬೇಕು. ಕಚೇರಿಗಳಲ್ಲಿ ಆ ದಿನ ರಜೆ ಕೊಡಬೇಕು. ವಾರದ ದಿನ ಚಪ್ಪಲಿ ಮೆಟ್ಟುವವನು ಶುದ್ಧ ಪೆದ್ದ, ಏಕೆಂದರೆ ಯಾರ ಮನೆ ಮುಂದೆ ಬಿಟ್ಟರೂ ಅದು ಎಲ್ಲರಿಗೂ ಕಾಣುತ್ತದೆ. ನನ್ನದು ಭಾನುವಾರ. ಭಾನುವಾರ ನಮ್ಮ ಮನೆಯಲ್ಲಿ ಕಾವಲಿಯ ಮೇಲೆ ದೋಸೆ ತಾನಾಗಿಯೇ ಮಗುಚಿಕೊಳ್ಳುತ್ತದೆ, ಪಾತ್ರೆಗಳು ಒಂದೊಂದಾಗಿ ಮಾಯವಾಗಿ ತೊಳೆದುಕೊಂಡು ವಾಪಸ್ಸು ಬರುತ್ತವೆ. ನಾನು ಕಾಣುತ್ತಿಲ್ಲ ಎನ್ನುವುದು ಯಾರ ಗಮನಕ್ಕೂ ಬಂದಂತಿಲ್ಲ.

ನನ್ನ ಹೆಸರು ಚೂಡಾಮಣಿ. ಮನೆಯ ಬೀದಿ ಕಡೆಯ ಕೋಣೆಯಲ್ಲಿ ರೇಡಿಯೋ, ಮಿಕ್ಸಿ, ರಿಮೋಟುಗಳನ್ನು ರಿಪೇರಿ ಮಾಡುತ್ತೇನೆ. ಗಿರಾಕಿಗಳು ಜಗುಲಿ ಹತ್ತಿ ಕಿಟಕಿಯಲ್ಲೇ ಸಾಮಾನು ಕೊಟ್ಟು ಕಿಟಕಿಯಲ್ಲೇ ತಗೊಂಡು ಹೋಗುತ್ತಾರೆ. ಗಂಡನ ಹೆಸರು ವೀರಭದ್ರಯ್ಯ. ಹೆಸರು ಕೇಳಿ ಹೆದರಬೇಕಾಗಿಲ್ಲ. ತೂಕದ ಕಲ್ಲುಗಳಿಗೆ ಮುದ್ರೆ ಒತ್ತುವ ಸರ್ಕಾರಿ ಕಚೇರಿಯಲ್ಲಿ ಕೆಲಸ. ಇಪ್ಪತ್ತು ವರ್ಷ ಅವುಗಳ ಜೊತೆ ಕಳೆದು ಮಾತಿನಲ್ಲಿ ಅವುಗಳನ್ನೇ ಹೋಲುತ್ತಾರೆ. ಊಟವಾಯಿತಾ ಎಂದರೆ ‘ಹೂಂ’, ಇನ್ನೊಂಚೂರು ಸಾರು ಎಂದರೆ ‘ಉಹೂಂ’. ಮದುವೆಯಾಗಿ ಹದಿನಾಲ್ಕು ವರ್ಷವಾಯಿತು, ಮನೆಯಲ್ಲಿ ನಾವಿಬ್ಬರೇ, ನಮ್ಮ ನಡುವೆ ಜಗಳವಾಗಿದ್ದು ನೆನಪಿಲ್ಲ. ಜಗಳಕ್ಕೂ ಒಂದಿಷ್ಟು ಮಾತು ಬೇಕಾಗುತ್ತದೆ. ಅವರದು ಗುರುವಾರ.

ಪಕ್ಕದ ಮನೆಯ ಅಂಬುಜಕ್ಕ ದಿನಾ ಹನ್ನೊಂದು ಗಂಟೆಗೆ ನಮ್ಮ ಜಗುಲಿಗೆ ಬಂದು, ಕಿಟಕಿಗೆ ಬೆನ್ನು ಕೊಟ್ಟು, ಬೀದಿ ನೋಡುತ್ತಾ ಕೂರುತ್ತಾಳೆ. ಊರಿನ ಸುದ್ದಿಯನ್ನೆಲ್ಲ ಉಚಿತವಾಗಿ ಹಂಚುವುದು ಅವಳ ಸಮಾಜಸೇವೆ. ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಶುಕ್ರವಾರ ಅವಳು ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದರೆ ಮೂರು ಮನೆಗೆ ಮಾತ್ರ ಕೇಳಿಸುತ್ತದೆ.

“ಚೂಡಾ, ಹೇಳ್ಬಾರ್ದು ಅಂತಿದ್ದೆ. ನಿನ್ನೆ ನಿಮ್ಮನೆಯವ್ರ ಕೆಮ್ಮು ಕೇಳಿಸ್ತು ಕಣೇ. ಎರಡು ಸಣ್ಣದು, ಒಂದು ಉದ್ದ. ಅವ್ರದ್ದೇ. ಎದುರು ಮನೆ ಪದ್ಮಾಕ್ಷಿ ಕಡೆಯಿಂದ.”

ಪದ್ಮಾಕ್ಷಿ ಎದುರು ಮನೆಯಲ್ಲಿ ಹೊಲಿಗೆ ಹೇಳಿಕೊಡುತ್ತಾಳೆ. ಒಬ್ಬಳೇ ಇದ್ದಾಳೆ, ಚೆನ್ನಾಗಿ ನಗುತ್ತಾಳೆ. ಊರಿನವರಿಗೆ ಇಷ್ಟು ಸಾಕ್ಷಿ ಧಾರಾಳ. ನನಗೂ ಸಾಕಾಯಿತು ಎನ್ನಲು ನಾಚಿಕೆಯಾಗುತ್ತದೆ, ಆದರೆ ಸಾಕಾಯಿತು. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಬೇರೆ ಊರಿನ ಹೆಂಗಸಾಗಿದ್ದರೆ ಗಂಡನನ್ನು ನಿಲ್ಲಿಸಿ ‘ಗುರುವಾರ ಎಲ್ಲಿಗೆ ಹೋಗ್ತೀರಿ?’ ಎಂದು ಕೇಳಿ ಎರಡು ನಿಮಿಷದಲ್ಲಿ ಮುಗಿಸುತ್ತಿದ್ದಳು. ನಾವು ಮರ್ಯಾದಸ್ಥರು. ಕೇಳುವ ಹಾಗಿಲ್ಲವಲ್ಲ, ಅದಕ್ಕೆ ಯಂತ್ರ ಕಟ್ಟಲು ಕೂತೆ.

ಯಂತ್ರ ಎಂದರೆ ದೊಡ್ಡದೇನಲ್ಲ. ರಿಮೋಟಿನ ಮೂತಿಯಲ್ಲಿ ಒಂದು ಪುಟ್ಟ ದೀಪವಿರುತ್ತದೆ, ಅದರ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಇನ್‌ಫ್ರಾರೆಡ್ ಎನ್ನುತ್ತಾರೆ. ಅಂಥದೊಂದನ್ನು ಕೆಟ್ಟ ರಿಮೋಟಿನಿಂದ ಕಿತ್ತು ಬೀದಿ ಬಾಗಿಲ ಚೌಕಟ್ಟಿನ ಎಡಕ್ಕೆ ಕೂರಿಸಿದೆ. ಆ ಬೆಳಕನ್ನು ಹಿಡಿಯುವ ಫೋಟೋಡಯೋಡನ್ನು, ಎಂದರೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಕಣ್ಣನ್ನು, ಗುರುವಾರ ಬೆಳಿಗ್ಗೆ ಬೆಸುಗೆ ಹಾಕಿ ಬಲಕ್ಕೆ ಕೂರಿಸಿದೆ. ನಡುವೆ ಮೂರಡಿ. ಯಾರಾದರೂ ದಾಟಿದರೆ ಬೆಳಕು ಕಡಿದು, ಕೋಣೆಯಲ್ಲಿ ನನ್ನ ಮೇಜಿನ ಮೇಲಿರುವ ಹಳೆಯ ಕ್ಯಾಲ್ಕುಲೇಟರಿನಲ್ಲಿ ಒಂದು ಸಂಖ್ಯೆ ಏರಬೇಕು. ಹಿತ್ತಿಲ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಇನ್ನು ಅಣ್ಣನ ಮನೆಗೆ ಹೊರಡಲು ಒಂದು ಟ್ರಂಕಿನಲ್ಲಿ ನಾಲ್ಕು ಸೀರೆ ಮತ್ತು ಒಂದು ಸೋಲ್ಡರಿಂಗ್ ಕಡ್ಡಿ ತುಂಬಿಟ್ಟೆ.

“ಅದ್ರಲ್ಲಿ ಒಂದು ನಂಬರ್ ಬರ್ಲಿ, ಅವತ್ತೇ ಹೊರಟೆ” ಎಂದು ಅಂಬುಜಕ್ಕನಿಗೆ ಹೇಳಿದೆ. ಹೇಳಿದ್ದು ಗುರುವಾರ. ಅವಳ ಜೊತೆ ಇಂಥ ಮಾತಿಗೆ ಗುರುವಾರವೇ ಅನುಕೂಲ, ಗಂಡ ಕಚೇರಿಯಿಂದ ಬೇಗ ಬಂದುಬಿಡುವ ಭಯವಿರುವುದಿಲ್ಲವಲ್ಲ.

ಆ ಮೊದಲ ಗುರುವಾರ ಸಂಜೆ ಐದಕ್ಕೆ ಕ್ಯಾಲ್ಕುಲೇಟರ್ ನೋಡಿದರೆ ಸೊನ್ನೆ. ಬಾಗಿಲಲ್ಲಿ ಕೈ ಅಡ್ಡ ಹಿಡಿದೆ, ಆಗಲೂ ಸೊನ್ನೆ. ಮಂದಿಯ ರೇಡಿಯೋವನ್ನು ಮೂರು ಸಲ ಪರೀಕ್ಷಿಸದೆ ವಾಪಸ್ಸು ಕೊಡದವಳು ನನ್ನ ಸ್ವಂತ ಕೆಲಸವನ್ನು ಒಂದು ಸಲವೂ ನೋಡದೆ ಕೂರಿಸಿದ್ದೆ. ದೀಪ ಸತ್ತಿರಬಹುದು ಎಂದು ಮೊಬೈಲಿನ ಕ್ಯಾಮೆರಾ ಹಿಡಿದು ನೋಡಿದೆ. ಕಣ್ಣಿಗೆ ಕಾಣದ್ದು ಕ್ಯಾಮೆರಾದಲ್ಲಿ ನೇರಳೆ ಚುಕ್ಕಿಯಾಗಿ ಕಾಣಿಸಿತು. ದೀಪ ಸರಿ. ಬ್ಯಾಟರಿ ಸರಿ. ತಂತಿ ಒಂದೊಂದೇ ಜಗ್ಗಿ ನೋಡಿದೆ, ಬೆಸುಗೆಯೂ ಸರಿ. ಕೊನೆಗೆ ನೋಡಿದರೆ ಆ ಕಪ್ಪು ಕಣ್ಣನ್ನೇ ಹಿಂದು ಮುಂದು ಮಾಡಿ ಜೋಡಿಸಿದ್ದೆ. ಮೊದಲ ವರ್ಷ ಕಲಿಯುವವರು ಮಾಡುವ ತಪ್ಪು. ಗಂಡನ ಮೇಲಿನ ಸಿಟ್ಟಿನಲ್ಲಿ ಬೆಸುಗೆ ಹಾಕಬಾರದು ಎಂದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.

ಸರಿಪಡಿಸಿದೆ. ಬುಧವಾರ ಸಂಜೆ ಕೈ ಬೀಸಿದರೆ ಒಂದು, ಎರಡು, ಮೂರು ಎಂದು ಸಂಖ್ಯೆ ಲಕ್ಷಣವಾಗಿ ಏರಿತು. ಗುರುವಾರ ಮತ್ತೆ ಸೊನ್ನೆ. ನಡುಮಧ್ಯಾಹ್ನ ಹೋಗಿ ಕೈ ಅಡ್ಡ ಹಿಡಿದರೂ ಸೊನ್ನೆಯೇ. ಸಂಜೆ ಬದುಕುವ ಸರ್ಕ್ಯೂಟು ಮಧ್ಯಾಹ್ನ ಸಾಯುವುದೇಕೆ ಎಂದು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದಾಗ ಬೆನ್ನು ಸುಡುತ್ತಿರುವುದು ಗೊತ್ತಾಯಿತು. ಬಿಸಿಲು! ಸೂರ್ಯನ ಬೆಳಕಿನಲ್ಲೂ ಇದೇ ಕಾಣದ ಬೆಳಕು ಬೇಕಾದಷ್ಟಿದೆ. ಅಷ್ಟು ದೊಡ್ಡ ದೀಪ ಎದುರಿಗಿರುವಾಗ ನನ್ನ ರಿಮೋಟಿನ ದೀಪ ಆರಿದರೆಷ್ಟು, ಉರಿದರೆಷ್ಟು. ಕಪ್ಪು ಪೆನ್ನಿನ ಟೋಪಿಯ ತುದಿ ಕತ್ತರಿಸಿ ಆ ಕಣ್ಣಿಗೆ ಮರೆ ಕಟ್ಟಿದೆ. ಕಣ್ಣಿನ ಚುರುಕನ್ನು ಹೊಂದಿಸುವ ಪ್ರಿಸೆಟ್ಟಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಹದಕ್ಕೆ ತಂದೆ.

ಮೂರನೆಯ ಗುರುವಾರ ಕೈ ಬೀಸಿದರೆ ಬೆಳಿಗ್ಗೆಯೂ ಎಣಿಸಿತು, ಮಧ್ಯಾಹ್ನವೂ ಎಣಿಸಿತು, ಸಂಜೆಯೂ ಎಣಿಸಿತು. ಪ್ರತಿ ಸಲ ಅಳಿಸಿ ಸೊನ್ನೆಗೆ ತಂದಿಟ್ಟು ಕೂತೆ. ಸಂಜೆ ನೋಡಿದರೆ ಸೊನ್ನೆ. ಮುಚ್ಚಿಟ್ಟ ಊಟ ಮಾತ್ರ ಖಾಲಿಯಾಗಿತ್ತು, ತಟ್ಟೆ ತೊಳೆದಿಟ್ಟಿತ್ತು.

“ನಿನ್ನ ಮಿಷಿನ್ನು ಅವ್ರ ಕಡೆ ಸೇರ್ಕೊಂಡಿದೆ ಬಿಡು” ಎಂದಳು ಅಂಬುಜಕ್ಕ.

ನನಗೆ ಅನಿಸಿದ್ದು ಬೇರೆ. ಕಣ್ಣಿಗೆ ಕಾಣದ ಬೆಳಕು ಕಣ್ಣಿಗೆ ಕಾಣದ ಮನುಷ್ಯನನ್ನು ಹಾದುಹೋಗುತ್ತಿರಬೇಕು. ನನ್ನ ಕೈ ಕಾಣುತ್ತದೆ, ಆದ್ದರಿಂದ ಕಡಿಯುತ್ತದೆ. ಅವರು ಕಾಣುವುದಿಲ್ಲ, ಆದ್ದರಿಂದ ಕಡಿಯುವುದಿಲ್ಲ. ಎಷ್ಟು ಅಚ್ಚುಕಟ್ಟಾದ ವಿವರಣೆ! ಇದನ್ನು ಒಪ್ಪಿಕೊಂಡು ಇನ್ನೊಂದು ವಾರ ದೀಪ ಬದಲಿಸಿದೆ, ಎರಡು ದೀಪ ಜೋಡಿಸಿದೆ, ಎಂಟು ಕಾಲಿನ ಐಸಿ ಚಿಪ್ಪನ್ನು ಕಿತ್ತು ಹೊಸದು ಹಾಕಿದೆ. ಗಿರಾಕಿಗಳ ಮಿಕ್ಸಿಗಳು ಕಪಾಟಿನಲ್ಲಿ ಸಾಲಾಗಿ ಕೂತು ನನ್ನ ದಾರಿ ಕಾಯುತ್ತಿದ್ದವು. ನಾಲ್ಕನೆಯ ಗುರುವಾರವೂ ಸೊನ್ನೆ.

ಕೊನೆಗೆ ಫಾಲಾಕ್ಷ ಮೇಷ್ಟ್ರ ಹತ್ತಿರ ಹೋದೆ. ಅವರು ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿದವರು, ಈಗ ನಿವೃತ್ತರು. ಅವರದು ಶನಿವಾರ. ಶುಕ್ರವಾರವೇ ಹೋಗಿ, ದಾಟುವವರನ್ನು ಎಣಿಸುವ ಯಂತ್ರ ಕೂರಿಸಿದ್ದೇನೆ, ನಾಳೆ ಮೂರು ಗಂಟೆಗೆ ದಯವಿಟ್ಟು ನಮ್ಮ ಬಾಗಿಲಿನಿಂದ ಒಳಗೆ ಬಂದು ಹೊರಗೆ ಹೋಗಬೇಕು ಎಂದು ಕೇಳಿಕೊಂಡೆ. ಯಾಕೆ ಎಂದು ಕೇಳಲಿಲ್ಲ. “ಕಾಫಿ ಇಡ್ತೀಯೇನಮ್ಮ?” ಎಂದಷ್ಟೇ ಕೇಳಿದರು.

ಶನಿವಾರ ಮೂರಕ್ಕೆ ಕ್ಯಾಲ್ಕುಲೇಟರಿನಲ್ಲಿ ಒಂದು ಬಂತು. ನಡುಮನೆಯ ಮಣೆಯ ಮೇಲಿಟ್ಟಿದ್ದ ಕಾಫಿಲೋಟ ಮಾಯವಾಯಿತು, ಖಾಲಿಯಾಗಿ ವಾಪಸ್ಸು ಬಂತು. ನಾನು ಕಟ್ಟಳೆಯಂತೆ ಕೋಣೆಯಿಂದ ಹೊರಗೆ ಬರದೆ ಕೂತಿದ್ದೆ. ಆಮೇಲೆ ಎರಡು ಬಂತು. ಕಾಣದ ಮೇಷ್ಟ್ರನ್ನು ನನ್ನ ಸರ್ಕ್ಯೂಟು ಬರುವಾಗಲೂ ಹಿಡಿದಿತ್ತು, ಹೋಗುವಾಗಲೂ ಹಿಡಿದಿತ್ತು.

ಭಾನುವಾರ ನಾನೇ ಕಾಣುವ ಸ್ಥಿತಿಯಲ್ಲಿರಲಿಲ್ಲ. ಸೋಮವಾರ ಮೇಷ್ಟ್ರು ಕಿಟಕಿಗೆ ಬಂದರು.

“ಎಷ್ಟು ಬಂತಮ್ಮ?”

“ಎರಡು ಬಂತು ಸಾರ್. ಆದ್ರೆ ನಮ್ಮನೆಯವ್ರಿಗೆ ಮಾತ್ರ ಸೊನ್ನೆ ಬರುತ್ತೆ. ಎಲ್ಲಿ ಫಾಲ್ಟು ಅಂತಾನೇ ಗೊತ್ತಾಗ್ತಿಲ್ಲ.”

“ಏನೇನು ಚೆಕ್ ಮಾಡ್ದೆ?”

ಹೇಳಿದೆ. ದೀಪ, ಕಣ್ಣು, ಬಿಸಿಲು, ತಿರುಪು, ಐಸಿ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಹತ್ತನೇ ಕ್ಲಾಸಿನಲ್ಲಿ ನಾನು ತಪ್ಪು ಉತ್ತರ ಬರೆದಾಗಲೂ ಹಾಗೇ ಒರೆಸಿಕೊಳ್ಳುತ್ತಿದ್ದರು.

“ಸರಿ ಇರೋದನ್ನ ಎಷ್ಟು ಸಲ ರಿಪೇರಿ ಮಾಡ್ತೀಯ? ಸೊನ್ನೆ ಅಂದ್ರೆ ಸೊನ್ನೆ ಕಣಮ್ಮ. ಅದೂ ಒಂದು ಉತ್ತರವೇ. ನಿನಗೆ ಬೇಕಾದ ಉತ್ತರ ಅಲ್ಲ, ಅಷ್ಟೇ.”

ಅವರು ಜಗುಲಿ ಇಳಿದು ಹೋದ ಮೇಲೂ ನಾನು ಸೋಲ್ಡರಿಂಗ್ ಕಡ್ಡಿ ಹಿಡಿದುಕೊಂಡೇ ಕೂತಿದ್ದೆ. ನಾಲ್ಕು ಗುರುವಾರ ನಾನು ಎಲ್ಲವನ್ನೂ ಅನುಮಾನಿಸಿದ್ದೆ, ಹತ್ತು ಪೈಸೆಯ ರೆಸಿಸ್ಟರನ್ನೂ ಬಿಟ್ಟಿರಲಿಲ್ಲ. ನನ್ನ ಅನುಮಾನವನ್ನೊಂದು ಬಿಟ್ಟು. ಗಂಡ ಮನೆಯಿಂದ ಹೊರಗೇ ಹೋಗುತ್ತಿಲ್ಲ ಎಂದು ಯಂತ್ರ ಸರಿಹೋದ ಮೇಲೆ ಎರಡು ಸಲ ಹೇಳಿತ್ತು, ನಾನು ಕೇಳದೆ ಅದರ ಬಾಯಿಗೆ ಬೆಸುಗೆ ಹಾಕಿದ್ದೆ.

ಹಾಗಾದರೆ ಗುರುವಾರ ಪೂರ್ತಿ ಅವರು ಎಲ್ಲಿರುತ್ತಾರೆ? ನಡುಮನೆಯಲ್ಲಿ ಕುರ್ಚಿಯ ಮೇಲೆ ಪತ್ರಿಕೆ ಇಟ್ಟಲ್ಲೇ ಇರುತ್ತದೆ. ಹಾಸಿಗೆ ಸುತ್ತಿಟ್ಟಲ್ಲೇ ಇರುತ್ತದೆ. ಮನೆಯಲ್ಲಿ ಉಳಿದಿರುವುದು ಅಡುಗೆಮನೆ, ಬಚ್ಚಲು, ಮತ್ತು ನನ್ನ ಅಂಗಡಿಕೋಣೆ. ಬುಧವಾರ ಸಂಜೆ ಸರ್ಕ್ಯೂಟನ್ನು ಬೀದಿ ಬಾಗಿಲಿನಿಂದ ಬಿಚ್ಚಿ, ನಡುಮನೆಗೂ ಅಂಗಡಿಕೋಣೆಗೂ ಮಧ್ಯೆ ಇರುವ ನಡುಬಾಗಿಲಿಗೆ ಕೂರಿಸಿದೆ. ಈ ಸಲ ಮೂರು ಸಲ ಪರೀಕ್ಷಿಸಿದೆ.

ಗುರುವಾರ ಹತ್ತು ಗಂಟೆಗೆ ನಾನು ಕೋಣೆಗೆ ಬಂದು ಕೂತು, ಕ್ಯಾಲ್ಕುಲೇಟರನ್ನು ಸೊನ್ನೆಗೆ ತಂದೆ. ಒಂದು ಮಿಕ್ಸಿಯ ತಳ ಬಿಚ್ಚಿ ನಾಲ್ಕನೆಯ ಸ್ಕ್ರೂ ತೆಗೆಯುವಷ್ಟರಲ್ಲಿ ಅದು ಒಂದಾಯಿತು. ಸದ್ದಿಲ್ಲ, ಗಾಳಿಯಿಲ್ಲ, ಬರಿಯ ಒಂದು. ಆಮೇಲೆ ಎಷ್ಟು ಹೊತ್ತಾದರೂ ಅದು ಎರಡಾಗಲಿಲ್ಲ.

ಯಾರೋ ಬಂದಿದ್ದರು, ವಾಪಸ್ಸು ಹೋಗಿರಲಿಲ್ಲ. ನನ್ನ ಬೆನ್ನ ಹಿಂದೆ ಕಪಾಟಿನ ಪಕ್ಕದಲ್ಲಿ ಒಂದು ಮುರುಕಲು ಸ್ಟೂಲಿದೆ. ನಾನು ಯಾವತ್ತೂ ಅದರ ಮೇಲೆ ಏನೂ ಇಡುವುದಿಲ್ಲ, ಕಾಲು ಅಲ್ಲಾಡುತ್ತದೆ. ಈಗ ತಿರುಗಿ ನೋಡುವ ಧೈರ್ಯ ಬರಲಿಲ್ಲ. ನೋಡಿದರೂ ಕಾಣುವುದು ಸ್ಟೂಲೇ ತಾನೇ. ಮಿಕ್ಸಿಯ ಮೋಟಾರನ್ನು ಸುಮ್ಮನೆ ಕೈಯಲ್ಲಿ ತಿರುಗಿಸುತ್ತಾ ನನ್ನ ಹಳೆಯ ಗುರುವಾರಗಳನ್ನು ಒಂದೊಂದೇ ನೆನಪು ಮಾಡಿಕೊಂಡೆ, ಕಿವಿ ಬಿಸಿಯಾಯಿತು. ‘ನಮ್ಮನೇಲಿರೋದು ಗಂಡ ಅಲ್ಲ, ಲೈಟು ಕಂಬ. ಲೈಟು ಕೂಡ ಇಲ್ಲ’ ಎಂದು ನಾನು ಅಂಬುಜಕ್ಕನಿಗೆ ಹೇಳಿ ನಕ್ಕಿದ್ದು ಗುರುವಾರ. ಈ ಸರ್ಕ್ಯೂಟು ಯಾಕೆ, ಯಾರನ್ನು ಹಿಡಿಯಲು ಎಂದು ಎಳೆಎಳೆಯಾಗಿ ವಿವರಿಸಿದ್ದು ಗುರುವಾರ. ಟ್ರಂಕು ಕಟ್ಟಿಟ್ಟಿದ್ದೇನೆ ಎಂದದ್ದೂ ಗುರುವಾರ. ಅವರನ್ನು ಹಿಡಿಯುವ ಬಲೆಗೆ ನಾನು ಬೆಸುಗೆ ಹಾಕುತ್ತಿದ್ದರೆ, ಅವರು ಎರಡು ಮಾರು ದೂರದಲ್ಲಿ ಕೂತು ಅದನ್ನು ನೋಡುತ್ತಿದ್ದರು. ಆ ಕಪ್ಪು ಕಣ್ಣನ್ನು ಹಿಂದು ಮುಂದು ಜೋಡಿಸಿದ್ದನ್ನೂ ನೋಡಿರಬೇಕು.

ಹನ್ನೊಂದಕ್ಕೆ ಸರಿಯಾಗಿ ಅಂಬುಜಕ್ಕ ಬಂದು ಕಿಟಕಿಗೆ ಬೆನ್ನು ಕೊಟ್ಟು ಕೂತಳು.

“ಏನಂತೆ ನಿನ್ನ ಮಿಷಿನ್ನು? ಸಿಕ್ಕಿಬಿದ್ದ್ರಾ ಆ ಲೈಟು ಕಂಬ?”

“ಅಂಬುಜಕ್ಕ, ಇವತ್ತು ಕೆಲ್ಸ ಇದೆ.”

“ಇರ್ಲಿ ಬಿಡೇ, ಮಾತಾಡೋದು ನಾನಲ್ವಾ. ನಿಮ್ಮಣ್ಣಂಗೆ ಕಾಗದ ಬರ್ದ್ಯಾ? ನೀನು ಅವತ್ತು ಹೇಳ್ದಲ್ಲ, ಈ ಮನುಷ್ಯನ ಜೊತೆ ಇರೋದಕ್ಕಿಂತ ರೇಡಿಯೋ ಜೊತೆ ಇರೋದು ವಾಸಿ ಅಂತ, ನಮ್ಮನೆಯವ್ರಿಗೆ ಹೇಳಿದ್ರೆ ಬಿದ್ದು ಬಿದ್ದು ನಕ್ರು.”

“ಅಂಬುಜಕ್ಕ, ದಮ್ಮಯ್ಯ ಅಂತೀನಿ.”

“ಯಾಕೇ, ಮೈಗೆ ಹುಷಾರಿಲ್ವಾ?”

ಆಗ ನನ್ನ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಎರಡು ಸಣ್ಣದು, ಒಂದು ಉದ್ದ. ಅಂಬುಜಕ್ಕ ಬೀದಿಯ ಕಡೆಗೇ ಮುಖ ಮಾಡಿದ್ದವಳು ಮುಳ್ಳು ಚುಚ್ಚಿದವಳಂತೆ ಎದ್ದು ನಿಂತಳು.

“ಕೇಳಿಸ್ತಾ? ಅದೇ ಕೆಮ್ಮು! ಅವತ್ತೂ ನೀನು ಕಾಫಿ ತರಕ್ಕೆ ಒಳಗೆ ಹೋದಾಗ, ನಾನು ಇಲ್ಲೇ ಕೂತಿದ್ದಾಗ ಹೀಗೇ ಕೇಳಿಸಿದ್ದು. ನೋಡು, ಪದ್ಮಾಕ್ಷಿ ಮನೆಯಿಂದಾನೇ. ತಡಿ, ನಾನು ಹೋಗಿ ಕಿಟಕೀಲಿ ನೋಡ್ಕೊಂಡು ಬರ್ತೀನಿ.”

ಸೆರಗು ಸಿಕ್ಕಿಸಿಕೊಂಡು ಎದುರು ಮನೆಗೆ ಓಡಿದಳು. ಕಾಣದ ಮನುಷ್ಯನನ್ನು ಕಿಟಕಿಯಲ್ಲಿ ಹೇಗೆ ನೋಡುತ್ತಾಳೆ ಎಂದು ನಾನು ಕೇಳಲಿಲ್ಲ. ಇಷ್ಟು ದಿನ ನನ್ನ ಸಂಸಾರದ ಮೇಲೆ ತೀರ್ಪು ಕೊಟ್ಟದ್ದು ಈ ಕಿವಿಗಳು.

ಕೋಣೆಯಲ್ಲಿ ನಾನು ಮತ್ತು ಒಂದು ಸ್ಟೂಲು. ತಪ್ಪಾಯಿತು ಎನ್ನಬೇಕಿತ್ತು. ಹದಿನಾಲ್ಕು ವರ್ಷದಲ್ಲಿ ಅಂಥ ಮಾತು ಆಡಿ ಅಭ್ಯಾಸವಿರಲಿಲ್ಲ, ಅದರ ಮೇಲೆ ವಾರದವರನ್ನು ಮಾತಾಡಿಸಬಾರದು ಎನ್ನುವ ಕಟ್ಟಳೆ. ಕೊನೆಗೆ ಬಾಯಿಗೆ ಬಂದದ್ದು ಇಷ್ಟೇ:

“ರೀ, ಆ ಸಣ್ಣ ಸ್ಕ್ರೂಡ್ರೈವರ್ ಕೊಡಿ.”

ತಿರುಗದೆ ಅಂಗೈಯನ್ನು ಹಿಂದಕ್ಕೆ ಚಾಚಿದೆ. ಕೈ ನೋಯತೊಡಗಿತು. ಆಮೇಲೆ ಸ್ಟೂಲಿನ ಕಾಲು ಕಿರುಗುಟ್ಟಿತು, ಅಂಗೈಯ ಮೇಲೆ ಏನೋ ಭಾರ ಕೂತಿತು. ನೋಡಿದರೆ ಟೆಸ್ಟರ್, ಕರೆಂಟಿದೆಯೇ ಎಂದು ನೋಡುವ, ಸ್ಕ್ರೂಡ್ರೈವರಿನಂಥದೇ ತುದಿಯ ಕಡ್ಡಿ.

“ಇಷ್ಟು ದಿನದಿಂದ ಕೂತು ನೋಡ್ತಿದ್ದೀರಾ, ಸ್ಕ್ರೂಡ್ರೈವರ್ ಯಾವುದು, ಟೆಸ್ಟರ್ ಯಾವುದು ಗೊತ್ತಾಗಲ್ವಾ?” ಎಂದೆ. ಹೇಳುವಾಗಲೇ ಕಣ್ಣಲ್ಲಿ ನೀರು ಬಂತು, ಇದೆಂಥ ದರಿದ್ರ ಬಾಯಿ ನನ್ನದು ಎಂದು ಬೇಸರವಾಯಿತು.

“ನಾನು ನೋಡ್ತಿದ್ದುದು ಅದನ್ನಲ್ಲ” ಎಂದರು.

ವಾರದವರು ಮಾತಾಡಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು. ದನಿ ಮಾಮೂಲಿನದೇ. ಏನೋ ಬೇರೆ ಥರ ಇರಬಹುದು ಎಂದುಕೊಂಡಿದ್ದೆ.

“ಯಾವಾಗಿಂದ ಹೀಗೆ ಬಂದು ಕೂರ್ತೀರಾ?”

“ನೀನು ಅಂಗಡಿ ಇಟ್ಟಾಗಿಂದ.”

“ಏಳು ವರ್ಷ!”

“ಹೂಂ.”

“ಏನೇನೋ ಅಂದಿದ್ದೀನಿ ನಿಮ್ಮನ್ನ.”

“ಹೂಂ.”

“ಬರ್ಲೇಬೇಕು ಅಂತಿದ್ರೆ ಬೇರೆ ದಿನ ಬರ್ಬಾರ್ದಾಗಿತ್ತಾ? ಕಾಣೋ ದಿನ? ಎದುರಿಗೆ ಕೂತ್ಕೋಬಾರ್ದಾಗಿತ್ತಾ?”

ಎದುರು ಮನೆಯಲ್ಲಿ ಪದ್ಮಾಕ್ಷಿ ಅಂಬುಜಕ್ಕನಿಗೆ ಏನೋ ಜೋರು ಮಾಡುತ್ತಿದ್ದುದು ಕೇಳಿಸುತ್ತಿತ್ತು.

“ಬೇರೆ ದಿನ ನಾನು ಆಫೀಸಿಂದ ಬಂದ್ ತಕ್ಷಣ ನಡುಬಾಗ್ಲು ಹಾಕ್ಕೋತೀಯ” ಎಂದರು. “ಚಿಲಕಾನೂ ಹಾಕ್ಕೋತೀಯ. ಗುರುವಾರ ಒಂದಿನ ತೆಗ್ದಿರುತ್ತೆ.”

ಸುಳ್ಳು ಎನ್ನಲು ಬಾಯಿ ತೆರೆದೆ. ಐದೂವರೆಗೆ ಬೀದಿ ಬಾಗಿಲ ಸದ್ದಾಗುತ್ತದೆ, ನಾನು ಎದ್ದು ನಡುಬಾಗಿಲು ಎಳೆದುಕೊಳ್ಳುತ್ತೇನೆ. ಧೂಳು ಬರುತ್ತದೆ, ಕೆಲಸ ಕೆಡುತ್ತದೆ, ಬಂದರೂ ಮಾತಾಡುವ ಆಸಾಮಿಯಲ್ಲ ಎಂದು ಮೊದಲು ಒಂದು ಕಾರಣವಿತ್ತು; ಈಗ ಕಾರಣವಿಲ್ಲದೆ ಕೈಯೇ ಹೋಗಿ ಹಾಕುತ್ತದೆ. ಏಳು ವರ್ಷ, ವಾರಕ್ಕೆ ಐದು ದಿನ. ಇದನ್ನು ಹಿಡಿಯಲು ಯಾವ ಸರ್ಕ್ಯೂಟೂ ಬೇಕಾಗಿರಲಿಲ್ಲ.

ಎದ್ದು ಹೋಗಿ ನಡುಬಾಗಿಲ ಮುಂದೆ ನಿಂತೆ. ಬಾಗಿಲ ಹಿತ್ತಾಳೆ ಎಲ್ಲ ಕಡೆ ಕಪ್ಪಾಗಿತ್ತು, ನನ್ನ ಕಡೆಯ ಚಿಲಕವೊಂದು ಮಾತ್ರ ಬೆರಳು ತಾಗಿ ತಾಗಿ ಹೊಸದರಂತೆ ಹೊಳೆಯುತ್ತಿತ್ತು. ನಾಲ್ಕು ಸ್ಕ್ರೂ. ತುಕ್ಕು ಹಿಡಿದಿದ್ದವು, ದೊಡ್ಡದೇ ಬೇಕಾಗಿತ್ತು.

“ದೊಡ್ಡ ಸ್ಕ್ರೂಡ್ರೈವರ್ ಕೊಡಿ” ಎಂದು ಕೈ ಚಾಚಿದೆ.

ಮತ್ತೆ ಅದೇ ಟೆಸ್ಟರನ್ನು ತಂದಿಟ್ಟರು. ಅದರಲ್ಲೇ ಚಿಲಕ ಬಿಚ್ಚತೊಡಗಿದೆ.